1955ರಲ್ಲಿ ಸೋವಿಯತ್ ಸೆರೆಯಿಂದ ಮನೆಗೆ ಮರಳಿದ ಜರ್ಮನ್ ಸೈನಿಕ: ಕಾದಂಬರಿಯೊಂದಕ್ಕೆ ನೆರವು ಬೇಕು

ಪ್ರಶ್ನೆ

ನಮಸ್ಕಾರ. ಕಳೆದ ಎರಡು ವರ್ಷಗಳಿಂದ ಕನ್ನಡದಲ್ಲಿ ಒಂದು ಐತಿಹಾಸಿಕ ಕಾದಂಬರಿಯನ್ನು ಬರೆಯುತ್ತಿದ್ದೇನೆ. ಯುದ್ಧ ಮುಗಿದು ಎಷ್ಟೋ ವರ್ಷಗಳಾದ ಮೇಲೆ ಊರಿಗೆ ಮರಳುವ ಒಬ್ಬ ಜರ್ಮನ್ ಸೈನಿಕ ಅದರ ನಾಯಕ. ಕಸ್ಸೆಲ್ ನಗರದ ಹೆನ್ಶೆಲ್ ಕಾರ್ಖಾನೆಯಲ್ಲಿ ರೈಲು ಎಂಜಿನ್ನಿನ ಬಿಡಿಭಾಗಗಳನ್ನು ಲೇತ್ ಯಂತ್ರದಲ್ಲಿ ಕಡೆಯುತ್ತಿದ್ದ ಆತ 1939ರಲ್ಲಿ ಸೇನೆಗೆ ಸೇರುತ್ತಾನೆ, 1941ರ ಬೇಸಿಗೆಯಲ್ಲಿ ಸೋವಿಯತ್ ಗಡಿಯನ್ನು ದಾಟುತ್ತಾನೆ, ಮೂರು ವರ್ಷ ಬೆಲಾರೂಸ್‌ನಲ್ಲಿದ್ದು 1944ರ ಜುಲೈನಲ್ಲಿ ಮಿನ್ಸ್ಕ್ ಬಳಿ ಸೆರೆಸಿಕ್ಕುತ್ತಾನೆ. ಅದೇ ತಿಂಗಳ 17ರಂದು ಸುಮಾರು 57,000 ಜರ್ಮನ್ ಕೈದಿಗಳನ್ನು ಮಾಸ್ಕೋದ ಬೀದಿಗಳಲ್ಲಿ ನಡೆಸಿ, ಅವರ ಬೆನ್ನಿಗೇ ರಸ್ತೆಯನ್ನು ನೀರು ಹಾಕಿ ತೊಳೆದರಲ್ಲ, ಆ ಸಾಲಿನಲ್ಲಿ ಅವನೂ ಇದ್ದಾನೆ. 11 ವರ್ಷಗಳ ನಂತರ, 1955ರ ಅಕ್ಟೋಬರ್‌ನಲ್ಲಿ, ಮರಳಿದವರನ್ನು ಬರಮಾಡಿಕೊಳ್ಳುತ್ತಿದ್ದ ಫ್ರೀಡ್‌ಲಾಂಡ್ ಶಿಬಿರದ ಮೂಲಕ ಮನೆಗೆ ಬರುತ್ತಾನೆ. ಹೆಂಡತಿಗೆ ಆಗ 37 ವರ್ಷ. 1941ರಲ್ಲಿ ಹುಟ್ಟಿದ, ಅವನು ಎರಡೇ ಸಲ ರಜೆಯಲ್ಲಿ ಬಂದಾಗ ಎತ್ತಿಕೊಂಡಿದ್ದ ಮಗಳಿಗೆ 14.

ಮೂರು ಅಧ್ಯಾಯಗಳು ಮುಗಿದಿವೆ. ಅವನ್ನು ಓದಿದ ನಾಲ್ವರು ಸ್ನೇಹಿತರಲ್ಲಿ ಮೂವರು, ಶಿಬಿರದ ಹಸಿವು ಮತ್ತು ಚಳಿಯ ಪುಟಗಳನ್ನು ಓದುವಾಗ ಕಣ್ಣು ತುಂಬಿ ಬಂತು ಎಂದರು. ಬರೆದವನಿಗೆ ಇದು ಸಂತೋಷ ತರಬೇಕಾದ ಮಾತು. ಆದರೆ ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಓದುಗರು ಅವನಿಗಾಗಿ ಮರುಗಿದರು. ಅವನು ಮೂರು ವರ್ಷ ಯಾರ ನೆಲದಲ್ಲಿ ನಿಂತಿದ್ದ, ಅಲ್ಲಿ ಏನು ಮಾಡುತ್ತಿದ್ದ ಎಂದು ಒಬ್ಬರೂ ಕೇಳಲಿಲ್ಲ. ಕೇಳುವ ಹಾಗೆ ನಾನು ಬರೆದಿಲ್ಲ ಎಂದೇ ಇದರ ಅರ್ಥ.

ಇತಿಹಾಸವನ್ನು ಬಲ್ಲವರಲ್ಲಿ, ಜರ್ಮನಿಯಲ್ಲಿ ನೆಲೆಸಿರುವವರಲ್ಲಿ ಕೇಳಿಕೊಳ್ಳುವುದು ಇಷ್ಟು. ಒಬ್ಬ ಸಾಮಾನ್ಯ ಸೈನಿಕ 1955ರವರೆಗೂ ಸೆರೆಯಲ್ಲಿ ಉಳಿಯುವುದು ನಂಬುವಂಥದ್ದೇ? ಅಷ್ಟು ವರ್ಷ ಅವನ ಸುದ್ದಿಯಿಲ್ಲದ ಹೆಂಡತಿಯ ಸ್ಥಿತಿ ಕಾನೂನಿನಲ್ಲಿಯೂ ನೆರೆಹೊರೆಯಲ್ಲಿಯೂ ಹೇಗಿರುತ್ತಿತ್ತು? ಅವನು ಕಾಣುವ ಕಸ್ಸೆಲ್ ಎಂಥದ್ದು? ಕೊನೆಯದಾಗಿ, ಬೆಲಾರೂಸ್‌ನ ಆ ಮೂರು ವರ್ಷಗಳನ್ನು ಕಾದಂಬರಿಯಲ್ಲಿ ಎಲ್ಲಿ ಇಡಬೇಕು?

ಮೊದಲ ಉತ್ತರ

ನಿಮ್ಮ ಮೊದಲ ಪ್ರಶ್ನೆಗೂ ಕೊನೆಯ ಪ್ರಶ್ನೆಗೂ ಇರುವ ನಂಟನ್ನು ನೀವು ಇನ್ನೂ ಗಮನಿಸಿದಂತಿಲ್ಲ, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಸೋವಿಯತ್ ಸೆರೆಗೆ ಸಿಕ್ಕ ಜರ್ಮನ್ ಸೈನಿಕರು ಸುಮಾರು 30 ಲಕ್ಷ. ಅವರಲ್ಲಿ ಸತ್ತವರು ಎಷ್ಟು ಎಂಬುದರ ಬಗ್ಗೆ ಸೋವಿಯತ್ ದಾಖಲೆಗಳಿಗೂ ಜರ್ಮನ್ ಅಂದಾಜುಗಳಿಗೂ ಬಹಳ ಅಂತರವಿದೆ: ಮೊದಲನೆಯವು ಸುಮಾರು ಮೂರೂವರೆ ಲಕ್ಷ ಎಂದರೆ ಎರಡನೆಯವು 10 ಲಕ್ಷದವರೆಗೆ ಹೋಗುತ್ತವೆ. ಬದುಕುಳಿದವರಲ್ಲಿ ಕೆಲಸಕ್ಕೆ ಬಾರದಷ್ಟು ಕೃಶರಾದವರನ್ನು ಮೊದಲು ಕಳುಹಿಸಿದರು. ಗಟ್ಟಿಯಾಗಿದ್ದವರನ್ನು ಗಣಿಗಳಲ್ಲಿ, ಮರ ಕಡಿಯುವ ಕಾಡುಗಳಲ್ಲಿ, ಯುದ್ಧದಲ್ಲಿ ನೆಲಸಮವಾದ ಊರುಗಳನ್ನು ಮತ್ತೆ ಕಟ್ಟುವ ಕೆಲಸಗಳಲ್ಲಿ ಇರಿಸಿಕೊಂಡರು. 1947ರ ಮಾಸ್ಕೋ ವಿದೇಶಾಂಗ ಸಚಿವರ ಸಭೆಯಲ್ಲಿ, 1948ರ ಕೊನೆಯೊಳಗೆ ಎಲ್ಲರನ್ನೂ ಕಳುಹಿಸುವುದಾಗಿ ಒಪ್ಪಂದವಾಯಿತು. ಅದು ಪೂರ್ತಿ ನಡೆಯಲಿಲ್ಲವಾದರೂ, 1949ರ ಕೊನೆಯ ಹೊತ್ತಿಗೆ ಬಹುಪಾಲು ಜನ ಮನೆ ಸೇರಿದ್ದರು. 1950ರ ಮೇ ತಿಂಗಳಲ್ಲಿ ಸೋವಿಯತ್ ಸುದ್ದಿಸಂಸ್ಥೆ ತಾಸ್, ಶಿಕ್ಷೆಗೊಳಗಾದ ಅಥವಾ ವಿಚಾರಣೆಯಲ್ಲಿರುವ ಸುಮಾರು 13,500 ಜನರನ್ನು ಬಿಟ್ಟರೆ ಕೈದಿಗಳನ್ನು ಹಿಂದಿರುಗಿಸುವ ಕೆಲಸ ಮುಗಿಯಿತು ಎಂದು ಪ್ರಕಟಿಸಿತು. ಲಕ್ಷಗಟ್ಟಲೆ ಮಂದಿ ನಾಪತ್ತೆಯಾಗಿದ್ದ ದೇಶಕ್ಕೆ ಆ ಸುದ್ದಿ ಸಿಡಿಲಿನಂತೆ ಎರಗಿತು. ಬರದವರೆಲ್ಲ ಸತ್ತರು ಎಂಬುದನ್ನು ಅದು ನೇರವಾಗಿ ಹೇಳದೆಯೇ ಹೇಳಿತ್ತು.

ಹಾಗಾಗಿ 1955ರವರೆಗೆ ಉಳಿದ ನಿಮ್ಮ ನಾಯಕ ಕೇವಲ ಯುದ್ಧಕೈದಿಯಲ್ಲ. ಸೋವಿಯತ್ ನ್ಯಾಯಮಂಡಳಿ ಯುದ್ಧಾಪರಾಧಿ ಎಂದು ಶಿಕ್ಷೆ ಕೊಟ್ಟಿರುವ ಮನುಷ್ಯ. ಇಂಥ ಬಹಳಷ್ಟು ವಿಚಾರಣೆಗಳು 1949ರ ಕೊನೆ ಮತ್ತು 1950ರ ಆರಂಭದ ನಡುವೆ ಸಾಲುಸಾಲಾಗಿ ನಡೆದವು. ಎಷ್ಟೋ ಪ್ರಕರಣಗಳು ಕೆಲವೇ ನಿಮಿಷಗಳಲ್ಲಿ ಮುಗಿದವು, ಶಿಕ್ಷೆ ಹೆಚ್ಚುಕಡಿಮೆ ಎಲ್ಲರಿಗೂ ಒಂದೇ: ದುಡಿಮೆಯ ಶಿಬಿರದಲ್ಲಿ 25 ವರ್ಷ. ಯಾವುದೋ ಒಂದು ಪಡೆಯಲ್ಲಿದ್ದ ಎಂಬ ಕಾರಣಕ್ಕೇ ಶಿಕ್ಷೆ ಪಡೆದವರಿದ್ದರು. ಊರನ್ನು ಸುಟ್ಟು ಜನರನ್ನು ಕೊಂದು, ಶಿಕ್ಷೆಗೆ ಎಲ್ಲ ರೀತಿಯಲ್ಲಿಯೂ ಅರ್ಹರಾಗಿದ್ದವರೂ ಇದ್ದರು. ಸೋವಿಯತ್ ಒಕ್ಕೂಟ ಕುಸಿದ ಮೇಲೆ ರಷ್ಯಾದ ಸೇನಾ ಅಭಿಯೋಜಕರ ಕಚೇರಿ ಸಾವಿರಾರು ತೀರ್ಪುಗಳನ್ನು ಅನ್ಯಾಯವೆಂದು ರದ್ದುಮಾಡಿತು, ಆದರೆ ಎಲ್ಲವನ್ನೂ ಮಾಡಲಿಲ್ಲ. ನಿಮ್ಮ ನಾಯಕನ ಮೇಲಿದ್ದ ಆರೋಪ ಯಾವುದು, ಅದರಲ್ಲಿ ನಿಜವೆಷ್ಟು ಎಂಬುದನ್ನು ಕಾದಂಬರಿಯಲ್ಲಿ ಬೇರೆ ಯಾರೂ ತಿಳಿಯದಿದ್ದರೂ ನೀವು ತಿಳಿದಿರಲೇಬೇಕು.

ಇನ್ನೊಂದು ಸಂಗತಿ. 1955ರ ಸೆಪ್ಟೆಂಬರ್‌ನಲ್ಲಿ ಪಶ್ಚಿಮ ಜರ್ಮನಿಯ ಚಾನ್ಸಲರ್ ಆಡೆನೌವರ್ ಮಾಸ್ಕೋಗೆ ಹೋದರು. ಎರಡು ದೇಶಗಳ ನಡುವೆ ರಾಜತಾಂತ್ರಿಕ ಸಂಬಂಧ ಆರಂಭವಾಯಿತು. ಸುಮಾರು 10,000 ಸೈನಿಕರನ್ನು, ಜೊತೆಗೆ ಸುಮಾರು 20,000 ನಾಗರಿಕರನ್ನು ಬಿಡುವ ಮಾತಾಯಿತು. ಅಕ್ಟೋಬರ್‌ನಲ್ಲಿ ಮೊದಲ ತಂಡಗಳು ಬಂದಾಗ ದೇಶವೇ ರೇಡಿಯೋ ಮುಂದೆ ಕುಳಿತಿತ್ತು. ಫ್ರೀಡ್‌ಲಾಂಡ್‌ನಲ್ಲಿ ಮರಳಿದವರು ತಾವು ಕೊಲೆ ಮಾಡಿಲ್ಲ, ಅತ್ಯಾಚಾರ ಮಾಡಿಲ್ಲ, ಲೂಟಿ ಮಾಡಿಲ್ಲ ಎಂದು ಸಾರ್ವಜನಿಕವಾಗಿ ಪ್ರಮಾಣ ಮಾಡಿದರು. ಆದರೆ ಅದೇ ಬಿಡುಗಡೆಯಲ್ಲಿ ಬಂದವರಲ್ಲಿ ಆಶ್ವಿಟ್ಸ್‌ನಲ್ಲಿ ಮಹಿಳಾ ಕೈದಿಗಳ ಮೇಲೆ ಬಂಜೆತನದ ಪ್ರಯೋಗಗಳನ್ನು ನಡೆಸಿದ ವೈದ್ಯ ಕಾರ್ಲ್ ಕ್ಲೌಬೆರ್ಗ್ ಇದ್ದ. ಕೆಲವೇ ವಾರಗಳಲ್ಲಿ ಕೀಲ್ ನಗರದಲ್ಲಿ ಅವನ ಬಂಧನವಾಯಿತು, ವಿಚಾರಣೆಗೆ ಮುನ್ನವೇ 1957ರಲ್ಲಿ ಸತ್ತ. ಸಾಕ್ಸೆನ್‌ಹೌಸೆನ್ ಶಿಬಿರದ ಕಾವಲುಗಾರರಾಗಿದ್ದ ಗುಸ್ಟಾವ್ ಸೋರ್ಗೆ ಮತ್ತು ವಿಲ್ಹೆಲ್ಮ್ ಶೂಬೆರ್ಟ್ ಕೂಡ ಹೀಗೆಯೇ ಮರಳಿ ಬಂದವರು. 1959ರಲ್ಲಿ ಬಾನ್ ನ್ಯಾಯಾಲಯ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ನಿಮ್ಮ ನಾಯಕ ಬಸ್ಸಿನಲ್ಲಿ ಕುಳಿತಾಗ ಪಕ್ಕದ ಸೀಟಿನಲ್ಲಿ ಯಾರಿದ್ದರು ಎಂಬುದು ಒಂದು ಅಧ್ಯಾಯಕ್ಕಾಗುವಷ್ಟು ದೊಡ್ಡ ಪ್ರಶ್ನೆ.

ಎರಡನೆಯ ಉತ್ತರ

ನಾನು ಹನ್ನೆರಡು ವರ್ಷಗಳಿಂದ ಗೊಟ್ಟಿಂಗೆನ್‌ನಲ್ಲಿದ್ದೇನೆ. ಫ್ರೀಡ್‌ಲಾಂಡ್ ಇಲ್ಲಿಂದ ದಕ್ಷಿಣಕ್ಕೆ ಸ್ವಲ್ಪವೇ ದೂರ. ಅಲ್ಲಿನ ಹಳೆಯ ರೈಲು ನಿಲ್ದಾಣ 2016ರಿಂದ ವಸ್ತುಸಂಗ್ರಹಾಲಯವಾಗಿದೆ, ಸಾಧ್ಯವಾದರೆ ಒಮ್ಮೆ ಬಂದು ನೋಡಿ.

ಆ ಹಳ್ಳಿಗೆ ಅಷ್ಟು ಮಹತ್ವ ಬಂದದ್ದು ಅದು ಇದ್ದ ಜಾಗದಿಂದ. ಯುದ್ಧದ ನಂತರ ಗೆದ್ದ ದೇಶಗಳು ಜರ್ಮನಿಯನ್ನು ಹಂಚಿಕೊಂಡಾಗ ಬ್ರಿಟಿಷ್, ಅಮೆರಿಕನ್ ಮತ್ತು ಸೋವಿಯತ್ ವಲಯಗಳು ಅಲ್ಲಿ ಒಂದನ್ನೊಂದು ಮುಟ್ಟುತ್ತಿದ್ದವು, ರೈಲು ಮಾರ್ಗವೂ ಹತ್ತಿರವಿತ್ತು. 1945ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷರು ಗೊಟ್ಟಿಂಗೆನ್ ವಿಶ್ವವಿದ್ಯಾಲಯದ ಕೃಷಿ ಪ್ರಯೋಗ ಕೇಂದ್ರದ ದನದ ಕೊಟ್ಟಿಗೆಗಳಲ್ಲಿ ಶಿಬಿರವನ್ನು ತೆರೆದರು. ಆಮೇಲೆ ಅರ್ಧ ಕೊಳವೆಯಾಕಾರದ ತಗಡಿನ ಗುಡಿಸಲುಗಳು ಬಂದವು. 1955ರಲ್ಲಿ ಮರಳಿದವರು ನೇರವಾಗಿ ಅಲ್ಲಿಗೇ ರೈಲಿನಲ್ಲಿ ಬರಲಿಲ್ಲ ಎಂಬುದನ್ನು ಗಮನಿಸಿ. ರೈಲು ಗಡಿಯ ಹೆರ್ಲೆಸ್‌ಹೌಸೆನ್‌ವರೆಗೆ, ಅಲ್ಲಿಂದ ಬಸ್ಸುಗಳು. ದಾರಿಯುದ್ದಕ್ಕೂ ಹಳ್ಳಿಗಳಲ್ಲಿ ಜನ ನಿಂತು ಹೂವು ಕೊಡುತ್ತಿದ್ದರು, ಬಸ್ಸು ಶಿಬಿರವನ್ನು ಸೇರಿದಾಗ ಗಂಟೆ ಬಾರಿಸುತ್ತಿದ್ದರು. ಬಾಗಿಲಿನಲ್ಲಿ ನೂರಾರು ಹೆಂಗಸರು, ಬಹಳ ಮಂದಿ ನಡುವಯಸ್ಸು ದಾಟಿದ ತಾಯಂದಿರು, ಮಗನ ಫೋಟೋ, ಹೆಸರು, ಕೊನೆಯ ಸೇನಾ ಅಂಚೆ ಸಂಖ್ಯೆ ಬರೆದ ಹಲಗೆಯನ್ನು ಎದೆಯ ಮುಂದೆ ಹಿಡಿದಿರುತ್ತಿದ್ದರು. ತಮ್ಮವನು ಆ ಬಸ್ಸಿನಲ್ಲಿ ಇಲ್ಲವೆಂದು ಅವರಿಗೆ ಗೊತ್ತಿತ್ತು. ಇಳಿದವರಲ್ಲಿ ಯಾರಾದರೂ ಅವನನ್ನು ಕಂಡಿದ್ದಾರೆಯೇ, ಎಲ್ಲಿ, ಯಾವಾಗ ಎಂದು ಕೇಳಲು ಬಂದವರು ಅವರು. ನಿಮ್ಮ ನಾಯಕನಿಗೆ ಯಾವುದೋ ಒಂದು ಫೋಟೋದ ಮುಖ ಗುರುತು ಸಿಕ್ಕಿದರೆ, ಆ ಹುಡುಗ ಸತ್ತದ್ದನ್ನು ಅವನು ಕಣ್ಣಾರೆ ಕಂಡಿದ್ದರೆ, ಆ ತಾಯಿಗೆ ಏನು ಹೇಳುತ್ತಾನೆ? ಮನೆ ಸೇರುವ ಮೊದಲೇ ಅವನು ಆಡಬೇಕಾದ, ಇಲ್ಲವೇ ನುಂಗಬೇಕಾದ ಮೊದಲ ಮಾತು ಅದು.

ಅಲ್ಲಿಂದ ಕಸ್ಸೆಲ್‌ಗೆ ಸುಮಾರು 40 ಕಿಲೋಮೀಟರ್. ಅವನು ಬಿಟ್ಟುಹೋದ ಊರು 1943ರ ಅಕ್ಟೋಬರ್ 22ರ ರಾತ್ರಿಯ ಬಾಂಬ್ ದಾಳಿಯಲ್ಲಿ ಸುಟ್ಟುಹೋಗಿತ್ತು. ಸುಮಾರು 10,000 ಜನ ಸತ್ತರು, ಮರದ ಚೌಕಟ್ಟಿನ ಮನೆಗಳ ಹಳೆಯ ಪೇಟೆ ಹೆಸರಿಗೂ ಉಳಿಯಲಿಲ್ಲ. ಟೈಗರ್ ಟ್ಯಾಂಕುಗಳನ್ನು ತಯಾರಿಸುತ್ತಿದ್ದ ಹೆನ್ಶೆಲ್ ಕಾರ್ಖಾನೆಯೂ ಆ ಊರಿನ ಮೇಲೆ ಮತ್ತೆ ಮತ್ತೆ ದಾಳಿ ನಡೆಯಲು ಕಾರಣಗಳಲ್ಲಿ ಒಂದು. ಹೆಂಡತಿಯೂ ಎರಡು ವರ್ಷದ ಮಗಳೂ ಆ ರಾತ್ರಿ ನೆಲಮಾಳಿಗೆಯಲ್ಲಿದ್ದರು ಎಂಬುದನ್ನು ಮರೆಯಬೇಡಿ. ಅವನಿಗೆ ಅವನ ಯುದ್ಧ ಹೇಗೋ, ಅವರಿಗೆ ಅವರ ಯುದ್ಧ ಹಾಗೆ.

1955ರಲ್ಲಿ ಅವನು ಕಾಣುವುದು ಬೇರೆಯೇ ಊರು. 1953ರ ನವೆಂಬರ್‌ನಲ್ಲಿ ತೆರೆದ ಟ್ರೆಪ್ಪೆನ್‌ಸ್ಟ್ರಾಸೆ, ಅಂದರೆ ಮೆಟ್ಟಿಲು ಬೀದಿ, ಕಾಲ್ನಡಿಗೆಯವರಿಗಾಗಿಯೇ ಯೋಜಿಸಿ ಕಟ್ಟಿದ ಜರ್ಮನಿಯ ಮೊದಲ ಬೀದಿ. ಎರಡೂ ಬದಿಯಲ್ಲಿ ಗಾಜಿನ ಅಂಗಡಿಗಳು. ಅವನು ಬರುವುದಕ್ಕೆ ಕೆಲವೇ ವಾರಗಳ ಹಿಂದೆ, ಸೆಪ್ಟೆಂಬರ್ 18ರಂದು, ಬಾಂಬಿಗೆ ಸಿಕ್ಕಿ ಅರ್ಧ ಮಾತ್ರ ದುರಸ್ತಿಯಾಗಿದ್ದ ಫ್ರೀಡೆರಿಚಿಯಾನುಮ್ ಕಟ್ಟಡದಲ್ಲಿ ಮೊದಲ ಡಾಕುಮೆಂಟಾ ಕಲಾಪ್ರದರ್ಶನ ಮುಗಿದಿತ್ತು. ನಾತ್ಸಿಗಳು ಕೀಳೆಂದು ಗೋಡೆಗಳಿಂದ ಕಿತ್ತುಹಾಕಿದ್ದ ಕಲೆಯನ್ನು ನೋಡಲು 1,30,000ಕ್ಕೂ ಹೆಚ್ಚು ಜನ ಬಂದಿದ್ದರು. ಅದೇ ಬೇಸಿಗೆಯ ರಾಷ್ಟ್ರೀಯ ಉದ್ಯಾನ ಪ್ರದರ್ಶನಕ್ಕಾಗಿ, ಕುಸಿದ ಮನೆಗಳ ಅವಶೇಷಗಳನ್ನು ಸುರಿದ ಇಳಿಜಾರಿನ ಮೇಲೆ ಮಣ್ಣು ಹಾಕಿ ಗುಲಾಬಿಗಳನ್ನು ನೆಟ್ಟಿದ್ದರು. ಆ ಗುಲಾಬಿ ದಿಣ್ಣೆ ಇಂದಿಗೂ ಇದೆ. ನಿಮ್ಮ ನಾಯಕನ ಮನೆಯ ಇಟ್ಟಿಗೆಗಳೂ ಅದರೊಳಗೆ ಇರಬಹುದಲ್ಲವೇ? ನಾನು ಅಲ್ಲಿ ನಡೆಯುವಾಗಲೆಲ್ಲ ಇಂಥದ್ದೇ ಯೋಚನೆ ಬರುತ್ತದೆ.

ಈಗ ಹೆಂಡತಿಯ ವಿಷಯ. ನನ್ನ ದೃಷ್ಟಿಯಲ್ಲಿ ನಿಮ್ಮ ಕಾದಂಬರಿಯ ಅರ್ಧ ಭಾಗ ಅವಳದಾಗಬೇಕು. 1946–47ರ ಕಡುಚಳಿಯಲ್ಲಿ ಅವಳು ಮಗುವನ್ನು ಹೇಗೆ ಉಳಿಸಿಕೊಂಡಳು? ಪಡಿತರ ಚೀಟಿಯಲ್ಲಿ ಬರೆದಷ್ಟು ಕೂಡ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಪಟ್ಟಣದ ಹೆಂಗಸರು ಮನೆಯ ಹಾಸು, ಗಡಿಯಾರ, ಮದುವೆಯ ಬೆಳ್ಳಿ ಚಮಚಗಳನ್ನು ಚೀಲದಲ್ಲಿ ತುಂಬಿ, ಕಿಕ್ಕಿರಿದ ರೈಲಿನಲ್ಲಿ ಹಳ್ಳಿಗಳಿಗೆ ಹೋಗಿ ಆಲೂಗಡ್ಡೆಗೆ ಬದಲಾಯಿಸಿಕೊಂಡು ಬರುತ್ತಿದ್ದರು. ಸಿಗರೇಟೇ ಹಣವಾಗಿತ್ತು. ಜೀವ ಉಳಿಸಿಕೊಳ್ಳಲು ಬೇಕಾದಷ್ಟನ್ನು ಬೇರೆ ದಾರಿಯಿಲ್ಲದಿದ್ದಾಗ ತೆಗೆದುಕೊಳ್ಳಬಹುದು ಎಂಬರ್ಥದ ಮಾತನ್ನು ಕಲೋನ್‌ನ ಕಾರ್ಡಿನಲ್ ಫ್ರಿಂಗ್ಸ್ 1946ರ ಕೊನೆಯ ರಾತ್ರಿಯ ಪ್ರವಚನದಲ್ಲಿ ಆಡಿದರು. ಕಲ್ಲಿದ್ದಲು ಕದಿಯುವುದಕ್ಕೆ ಜನ ಅವರ ಹೆಸರಿನಿಂದಲೇ ಒಂದು ಕ್ರಿಯಾಪದವನ್ನು ಮಾಡಿಕೊಂಡರು. 1948ರ ಜೂನ್ 20ರಂದು ಹೊಸ ನಾಣ್ಯ ಬಂದು ತಲೆಗೆ 40 ಮಾರ್ಕ್ ಕೊಟ್ಟರು. ಮರುದಿನ ಬೆಳಿಗ್ಗೆ, ಅದುವರೆಗೆ ಖಾಲಿಯಿದ್ದ ಅಂಗಡಿಗಳ ಕಿಟಕಿಗಳು ತುಂಬಿದ್ದವು. ಆ ಬೆಳಗನ್ನು ಕಂಡವರು ಅದನ್ನು ಸಾಯುವವರೆಗೂ ಹೇಳಿಕೊಂಡರು. ನಿಮ್ಮ ನಾಯಕ ಅದನ್ನು ಕಾಣಲಿಲ್ಲ.

ಕಾನೂನಿನ ಪ್ರಕಾರ, ಕಾಣೆಯಾದ ಗಂಡನನ್ನು ಸತ್ತವನೆಂದು ಘೋಷಿಸುವಂತೆ ಅವಳು ನ್ಯಾಯಾಲಯವನ್ನು ಕೇಳಬಹುದಿತ್ತು. ಘೋಷಣೆಯಾಗಿ ಅವಳು ಮತ್ತೆ ಮದುವೆಯಾದರೆ, ಅವನು ಬದುಕಿ ಬಂದರೂ ಹಳೆಯ ಮದುವೆ ತಾನಾಗಿ ಮರಳುತ್ತಿರಲಿಲ್ಲ. ಆದರೆ ಬಹಳಷ್ಟು ವಿಧವೆಯರು ಮತ್ತೆ ಮದುವೆಯಾಗಲಿಲ್ಲ, ಏಕೆಂದರೆ ಮದುವೆಯಾದರೆ ವಿಧವಾ ಪಿಂಚಣಿ ನಿಲ್ಲುತ್ತಿತ್ತು. ಹೀಗಾಗಿ ತಾಯಿಯ ಜೊತೆ ಬಾಳುವ ಗಂಡಸನ್ನು ಮಕ್ಕಳು ‘ಅಂಕಲ್’ ಎನ್ನುತ್ತಿದ್ದರು. ಅಂಥ ಸಂಸಾರಗಳಿಗೆ ಜರ್ಮನ್ನರು ‘ಅಂಕಲ್ ಮದುವೆ’ ಎಂಬ ಹೆಸರನ್ನೇ ಇಟ್ಟಿದ್ದರು. ನಿಮ್ಮ ಕಥೆಯಲ್ಲಿ ಅಂಥ ಅಂಕಲ್ ಇದ್ದಾರೋ ಇಲ್ಲವೋ ನೀವೇ ತೀರ್ಮಾನಿಸಿ. ಇಲ್ಲದಿದ್ದರೂ, ಮಗಳ ಗೆಳತಿಯ ಮನೆಯಲ್ಲಿ ಒಬ್ಬರು ಇದ್ದೇ ಇರುತ್ತಾರೆ.

ಹನ್ನೊಂದು ವರ್ಷ ತಾನೇ ದುಡಿದು, ತಾನೇ ತೀರ್ಮಾನಿಸಿ ಮನೆ ನಡೆಸಿದವಳ ಅಡುಗೆಮನೆಗೆ ಅವನು ಕಾಲಿಡುತ್ತಿದ್ದಾನೆ. 1949ರ ಸಂವಿಧಾನ ಗಂಡುಹೆಣ್ಣು ಸಮಾನರೆಂದು ಸಾರಿದ್ದರೂ, ಕುಟುಂಬದ ಕಾನೂನನ್ನು ಅದಕ್ಕೆ ಹೊಂದಿಸುವ ಕಾಯಿದೆ ಜಾರಿಗೆ ಬಂದದ್ದು 1958ರ ಜುಲೈ 1ರಂದು. ಅವನು 1939ರ ಗಂಡನಾಗಿಯೇ ಮರಳಿ ಬಂದಿದ್ದಾನೆ. ಅವಳು ಅಂದಿನ ಹೆಂಡತಿಯಾಗಿ ಉಳಿದಿಲ್ಲ. ಮೇಜಿನ ತಲೆಯ ಕುರ್ಚಿಯಲ್ಲಿ ಯಾರು ಕೂರಬೇಕು ಎಂಬುದನ್ನು ಬರೆಯಿರಿ. ರೊಟ್ಟಿಯ ಚೂರನ್ನು ಅವನು ಜೇಬಿನಲ್ಲಿ ಅಡಗಿಸಿಡುವುದನ್ನು ಮಗಳು ನೋಡಿ, ನೋಡದವಳಂತೆ ಎದ್ದು ಹೋಗುವುದನ್ನು ಬರೆಯಿರಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ತುಂಬು ಮನಸ್ಸಿನ ಕೃತಜ್ಞತೆಗಳು. ಆರೋಪದ ವಿಷಯ ನನಗೆ ಹೊಳೆದೇ ಇರಲಿಲ್ಲ. ಒಂದು ಚಿಕ್ಕ ಪ್ರಶ್ನೆ: ಕಸ್ಸೆಲ್ ಅಮೆರಿಕನ್ ವಲಯದಲ್ಲಿತ್ತು, ನಾತ್ಸಿಗಳೊಂದಿಗೆ ಯಾರಿಗೆ ಎಷ್ಟು ನಂಟಿತ್ತು ಎಂದು ತಿಳಿಯಲು ಅಮೆರಿಕನ್ನರು ಕೊಡುತ್ತಿದ್ದ ಆ ಪ್ರಸಿದ್ಧ ಪ್ರಶ್ನಾವಳಿಯನ್ನು ಅವನು ತುಂಬಬೇಕಾಗುತ್ತಿತ್ತೇ?

ಮೂರನೆಯ ಉತ್ತರ

ಇಲ್ಲ. ಅಮೆರಿಕನ್ನರ ಆ ಪ್ರಶ್ನಾವಳಿಯಲ್ಲಿ 131 ಪ್ರಶ್ನೆಗಳಿದ್ದವು. 1946ರ ಮಾರ್ಚ್‌ನ ಕಾಯಿದೆಯ ಪ್ರಕಾರ ಜನರನ್ನು ಪ್ರಧಾನ ಅಪರಾಧಿಯಿಂದ ನಿರ್ದೋಷಿಯವರೆಗೆ ಐದು ವರ್ಗಗಳಲ್ಲಿ ವಿಂಗಡಿಸುತ್ತಿದ್ದರು, ಬಹುಪಾಲು ಜನ ‘ಜೊತೆಗೆ ನಡೆದವರು’ ಎಂಬ ನಾಲ್ಕನೆಯ ವರ್ಗದಲ್ಲಿ ಸಣ್ಣ ದಂಡದೊಂದಿಗೆ ಪಾರಾದರು. ನೆರೆಯವರು, ಪಾದ್ರಿಗಳು ಬರೆದುಕೊಡುತ್ತಿದ್ದ ಒಳ್ಳೆಯ ನಡತೆಯ ಪತ್ರಕ್ಕೆ, ಬಟ್ಟೆ ಒಗೆಯುವ ಪೆರ್ಸಿಲ್ ಪುಡಿಯ ಹೆಸರನ್ನು ಸೇರಿಸಿ ಜನ ‘ಪೆರ್ಸಿಲ್ ಚೀಟಿ’ ಎನ್ನುತ್ತಿದ್ದರು. 1955ರ ಹೊತ್ತಿಗೆ ಅದೆಲ್ಲ ಮುಗಿದ ಅಧ್ಯಾಯ. ಅವನ ಮೇಸ್ತ್ರಿ, ಮಗಳ ಶಾಲೆಯ ಶಿಕ್ಷಕರು, ಕೆಳಮನೆಯವರು ಎಲ್ಲರೂ ತಮ್ಮ ತಮ್ಮ ಚೀಟಿ ಪಡೆದು ಆಗಿತ್ತು. ಅವನನ್ನು ಯಾರೂ ಏನನ್ನೂ ಕೇಳುವುದಿಲ್ಲ. ನಿಮ್ಮ ಕಾದಂಬರಿಗೆ ಇದು ಮುಖ್ಯ ಎಂದು ನನಗನ್ನಿಸುತ್ತದೆ.

ನಿಮ್ಮ ನಾಲ್ಕನೆಯ ಪ್ರಶ್ನೆಗೆ ನನ್ನ ಉತ್ತರ ಖಚಿತ: ಬೆಲಾರೂಸ್ ಕಾದಂಬರಿಯ ನಡುವಿನಲ್ಲಿರಬೇಕು, ಅಂಚಿನಲ್ಲಿ ಅಲ್ಲ. ಅವನ ಹಸಿವಿನ ಬಗ್ಗೆ ಬರೆಯುವಾಗ ಇನ್ನೊಂದು ಹಸಿವು ಅದರ ಪಕ್ಕದಲ್ಲಿ ಇರಲೇಬೇಕು. ಜರ್ಮನ್ ಸೇನೆ ಸೆರೆಹಿಡಿದ ಸೋವಿಯತ್ ಸೈನಿಕರು ಸುಮಾರು 57 ಲಕ್ಷ. ಅವರಲ್ಲಿ ಸುಮಾರು 33 ಲಕ್ಷ ಮಂದಿ ಸತ್ತರು. ಅದರ ದೊಡ್ಡ ಪಾಲು 1941ರ ಶರತ್ಕಾಲ ಮತ್ತು ಅದರ ಹಿಂದೆಯೇ ಬಂದ ಚಳಿಗಾಲದಲ್ಲಿ, ಛಾವಣಿಯೂ ಇಲ್ಲದೆ ಮುಳ್ಳುತಂತಿ ಸುತ್ತಿದ ಬಯಲುಗಳಲ್ಲಿ, ಅನ್ನವಿಲ್ಲದೆ. ಈ ಶಿಬಿರಗಳು ಸೇನೆಯ ಕೈಯಲ್ಲಿದ್ದವು. 1941ರ ಕೊನೆಯಲ್ಲಿ ಬೆಲಾರೂಸ್‌ನಲ್ಲಿದ್ದ ಸೈನಿಕನೊಬ್ಬ ಅಂಥ ಬಯಲಿನ ಪಕ್ಕದಲ್ಲಿ ಒಮ್ಮೆಯೂ ನಡೆದಿರಲಿಲ್ಲ ಎಂದು ಬರೆದರೆ ಬಲ್ಲವರು ನಂಬುವುದಿಲ್ಲ. ಆಮೇಲೆ ಬಂದದ್ದು ಗೆರಿಲ್ಲಾಗಳ ವಿರುದ್ಧದ ಕಾರ್ಯಾಚರಣೆ ಎಂಬ ಹೆಸರಿನಲ್ಲಿ ಊರುಗಳನ್ನು ಸುಡುವ ಕೆಲಸ. 1943ರ ಮಾರ್ಚ್ 22ರಂದು ಖಾಟಿನ್ ಹಳ್ಳಿಯಲ್ಲಿ 149 ಜನರನ್ನು, ಅವರಲ್ಲಿ ಅರ್ಧದಷ್ಟು ಮಕ್ಕಳು, ಕೊಟ್ಟಿಗೆಯಲ್ಲಿ ಕೂಡಿಹಾಕಿ ಸುಟ್ಟರು. ಅದನ್ನು ಮಾಡಿದ್ದು ಸೇನೆಯ ಸಾಮಾನ್ಯ ತುಕಡಿಯಲ್ಲ, ಸಹಾಯಕ ಪೊಲೀಸ್ ದಳ ಮತ್ತು ನಾತ್ಸಿ ಪಕ್ಷದ ಸಶಸ್ತ್ರ ಸಂಘಟನೆಯಾದ ಎಸ್‌ಎಸ್‌ನ ಪಡೆ. ಆದರೆ ಬೆಲಾರೂಸ್‌ನಲ್ಲಿ ಹೀಗೆ ಸುಟ್ಟ ಹಳ್ಳಿಗಳು ನೂರಾರು. ಸುತ್ತುವರಿಯುವ ಸರಪಣಿಯಲ್ಲಿ ನಿಂತವರು, ದನಗಳನ್ನು ಹೊಡೆದುಕೊಂಡು ಹೋದವರು, ಧಾನ್ಯವನ್ನು ಗಾಡಿಗೆ ತುಂಬಿದವರು ಎಷ್ಟೋ ಸಲ ಸಾಮಾನ್ಯ ಸೈನಿಕರೇ. ನಿಮ್ಮ ಲೇತ್ ಕೆಲಸಗಾರ ಆ ಸರಪಣಿಯಲ್ಲಿ ನಿಂತವನಾಗಿರಲಿ. ಗುಂಡು ಹಾರಿಸಿದವನೋ ಅಲ್ಲವೋ ಎಂಬುದಕ್ಕಿಂತ, ಓಡಿಬಂದ ಒಬ್ಬರನ್ನು ಅವನು ತಿರುಗಿ ಒಳಗೆ ಕಳುಹಿಸಿದನೇ ಎಂಬುದು ನನಗೆ ಹೆಚ್ಚು ಭಾರವಾದ ಪ್ರಶ್ನೆ.

ಹಾಗಾದರೆ ಸೋವಿಯತ್ ನ್ಯಾಯಮಂಡಳಿಯ ಐದು ನಿಮಿಷದ ತೀರ್ಪು? ಅದನ್ನು ಬೇಕೆಂದೇ ತಪ್ಪಾಗಿಸಿ. ಅವನು ಎಂದೂ ಹೋಗದ ಹಳ್ಳಿಯೊಂದರ ಆರೋಪದ ಮೇಲೆ ಅವನಿಗೆ 25 ವರ್ಷವಾಗಲಿ. ಆಗ ಅವನು ಜೀವಮಾನವಿಡೀ, ಪ್ರಮಾಣಪೂರ್ವಕವಾಗಿ, ನಿಜವನ್ನೇ ಹೇಳಿ, ತಾನು ನಿರಪರಾಧಿ ಎನ್ನಬಹುದು. ಹೋಗಿದ್ದ ಹಳ್ಳಿಯ ಹೆಸರನ್ನು ಯಾರೂ ಎತ್ತುವುದೇ ಇಲ್ಲ.

ಕಾಲದ ಲೆಕ್ಕವನ್ನೂ ನೋಡಿ. ಅವನು ಮರಳಿದ ಮರುತಿಂಗಳೇ, 1955ರ ನವೆಂಬರ್ 12ರಂದು, ಪಶ್ಚಿಮ ಜರ್ಮನಿಯ ಹೊಸ ಸೇನೆ ಬುಂಡೆಸ್ವೇರ್ ಹುಟ್ಟಿತು. ಹಳೆಯ ಸೇನೆ ಗೌರವದಿಂದ ಹೋರಾಡಿತು, ಕೊಲೆಗಳನ್ನು ಬೇರೆಯವರು ಮಾಡಿದರು ಎಂಬ ಮಾತು ಆಗ ಬಹಳ ಮಂದಿಗೆ ಬೇಕಾಗಿತ್ತು. ಶಿಬಿರದಿಂದ ಬಂದ ಬಡಕಲು ಮನುಷ್ಯ ಆ ಮಾತಿಗೆ ಮುಖವಾದ. ನಾತ್ಸಿ ಹತ್ಯಾಕಾಂಡಗಳ ಬಗ್ಗೆ 1958ರಲ್ಲಿ ಉಲ್ಮ್ ನಗರದಲ್ಲಿ ನಡೆದ ವಿಚಾರಣೆ, 1963ರ ಕೊನೆಯಲ್ಲಿ ಆರಂಭವಾದ ಫ್ರಾಂಕ್‌ಫರ್ಟ್‌ನ ಆಶ್ವಿಟ್ಸ್ ವಿಚಾರಣೆ ಇವೆರಡೂ ದೇಶವನ್ನು ಅಲುಗಾಡಿಸಿದರೂ, ಸಾಮಾನ್ಯ ಸೈನಿಕನ ಹೆಸರು ಬಹುಮಟ್ಟಿಗೆ ಹೊರಗೇ ಉಳಿಯಿತು. 1995ರ ಮಾರ್ಚ್‌ನಲ್ಲಿ ಹ್ಯಾಂಬರ್ಗ್‌ನ ಸಾಮಾಜಿಕ ಸಂಶೋಧನಾ ಸಂಸ್ಥೆ ಸೇನೆಯ ಅಪರಾಧಗಳ ಬಗ್ಗೆ ಪ್ರದರ್ಶನವೊಂದನ್ನು ತೆರೆದಾಗ, ಅಲ್ಲಿದ್ದ ಫೋಟೋಗಳಲ್ಲಿ ಬಹಳಷ್ಟನ್ನು ತೆಗೆದವರು ಸೈನಿಕರೇ ಆಗಿದ್ದರು. ನೋಡಲು ಬಂದವರು ತಮ್ಮ ತಂದೆಯ ಮುಖವನ್ನು ಹುಡುಕಿದರು. 1997ರಲ್ಲಿ ಮ್ಯೂನಿಕ್‌ನಲ್ಲಿ ಅದರ ವಿರುದ್ಧ ದೊಡ್ಡ ಮೆರವಣಿಗೆ ನಡೆಯಿತು. ಕೆಲವು ಚಿತ್ರಗಳ ವಿವರಣೆ ತಪ್ಪೆಂದು ತಿಳಿದು 1999ರಲ್ಲಿ ಅದನ್ನು ನಿಲ್ಲಿಸಿ, 2001ರಲ್ಲಿ ತಿದ್ದಿ ಮತ್ತೆ ತೆರೆದರು. ಮೂಲ ವಾದ ಹಾಗೆಯೇ ನಿಂತಿತು. ನಿಮ್ಮ ಕಥೆಯ ಮಗಳಿಗೆ 1995ರಲ್ಲಿ 54 ವರ್ಷ.

ನಾಲ್ಕನೆಯ ಉತ್ತರ

ಇತಿಹಾಸದ ಬಗ್ಗೆ ಮೇಲಿನವರು ಹೇಳಿದ್ದಕ್ಕೆ ಸೇರಿಸುವಷ್ಟು ನನ್ನಲ್ಲಿಲ್ಲ. ಜರ್ಮನ್‌ನಿಂದ ಕನ್ನಡಕ್ಕೆ ಕೆಲವು ಕಾಲ ಅನುವಾದ ಮಾಡಿದವಳಾಗಿ, ನಮ್ಮ ಭಾಷೆ ನಿಮ್ಮ ಕಥೆಯನ್ನು ಎಲ್ಲಿ ಎಳೆದುಕೊಂಡು ಹೋಗಬಹುದು ಎಂಬುದನ್ನಷ್ಟೇ ಹೇಳುತ್ತೇನೆ.

‘ವೀರಯೋಧ’, ‘ಹುತಾತ್ಮ’ ಎಂಬ ಪದಗಳು ನಮ್ಮ ಪತ್ರಿಕೆಗಳಲ್ಲಿ ಸೈನಿಕ ಎಂದೊಡನೆ ತಾವಾಗಿ ಬಂದುಬಿಡುತ್ತವೆ. ಅವು ನಿಮ್ಮ ಪುಟಗಳಲ್ಲಿ ಒಮ್ಮೆಯೂ ಬರದಿರಲಿ. ‘ವಿಧವೆ’ ಎಂಬ ಪದವನ್ನೂ ಎಚ್ಚರದಿಂದ ಬಳಸಿ. ಅದು ನಮ್ಮಲ್ಲಿ ಬಳೆ, ಹೂವು, ಕುಂಕುಮ, ಶುಭಕಾರ್ಯದ ಹೊರಬಾಗಿಲು ಇವೆಲ್ಲವನ್ನೂ ಹೊತ್ತುಕೊಂಡು ಬರುತ್ತದೆ, ಮತ್ತು ಕಸ್ಸೆಲ್‌ನ ಆ ಹೆಂಗಸಿನ ಕಷ್ಟ ಬೇರೆ ಜಾತಿಯದು. ಅವಳು ವಿಧವೆಯೂ ಅಲ್ಲ, ಗಂಡನಿರುವವಳೂ ಅಲ್ಲ; ಕಾಣೆಯಾದವನ ಹೆಂಡತಿ. ಆ ಮಾತನ್ನೇ ಬಿಡಿಸಿ ಬರೆಯಿರಿ, ಉದ್ದವಾದರೂ ಸರಿ.

ಎಲ್ಲಕ್ಕಿಂತ ಮುಖ್ಯವಾದದ್ದು ಕ್ರಿಯಾಪದ. ‘ಊರು ಸುಟ್ಟುಹೋಯಿತು’, ‘ಹಳ್ಳಿಯನ್ನು ಸುಡಲಾಯಿತು’, ‘ಸುಟ್ಟರು’, ‘ಸುಟ್ಟೆವು’: ಈ ನಾಲ್ಕರ ನಡುವೆ ನಿಮ್ಮ ನಾಯಕನ ಇಡೀ ಬದುಕು ಇದೆ. ಕಸ್ಸೆಲ್‌ನ ಬಗ್ಗೆ ಅವನು ‘ಸುಟ್ಟರು’ ಎನ್ನಲಿ, ಬೆಲಾರೂಸ್‌ನ ಬಗ್ಗೆ ‘ಸುಟ್ಟುಹೋಯಿತು’ ಎನ್ನಲಿ, ಓದುಗರು ಅದನ್ನು ಗಮನಿಸುವವರೆಗೆ ನೀವು ಬಾಯಿ ಬಿಡಬೇಡಿ. ಹಾಗೆಯೇ ‘ಹಣೆಬರಹ’, ‘ಕರ್ಮ’ ಎಂಬ ಮಾತುಗಳನ್ನು ನಿರೂಪಕನ ಬಾಯಿಂದ ದೂರವಿಡಿ, ಏಕೆಂದರೆ ಕನ್ನಡದ ಓದುಗರಿಗೆ ಆ ಮಾತು ಕೇಳಿದ ತಕ್ಷಣ ಹೊಣೆ ಮನುಷ್ಯನ ಹೆಗಲಿನಿಂದ ಇಳಿದುಹೋಗುತ್ತದೆ.

ಜರ್ಮನ್‌ನಲ್ಲಿ ಮಗಳು ತಂದೆಯನ್ನು ಏಕವಚನದಲ್ಲಿಯೇ ಮಾತನಾಡಿಸುತ್ತಾಳೆ. ಕನ್ನಡದಲ್ಲಿ ನಿಮಗೆ ಆಯ್ಕೆಯಿದೆ. ಹದಿನಾಲ್ಕರ ಹುಡುಗಿ ಈ ಅಪರಿಚಿತನನ್ನು ‘ನೀವು’ ಎಂದು ಮಾತನಾಡಿಸಲು ಆರಂಭಿಸಿ, ‘ಅಪ್ಪ’ ಎಂಬ ಪದವನ್ನು ತಪ್ಪಿಸಿಕೊಳ್ಳುತ್ತಾ, ವರ್ಷಗಳ ಮೇಲೆ ಒಂದು ಜಗಳದ ನಡುವೆ ಮೊದಲ ಸಲ ‘ನೀನು ಅಲ್ಲಿ ಏನು ಮಾಡಿದೆ?’ ಎಂದು ಕೇಳಿದರೆ, ಆ ಏಕವಚನದಲ್ಲಿ ಸಲಿಗೆಯೂ ಇರುತ್ತದೆ, ಆಪಾದನೆಯೂ ಇರುತ್ತದೆ. ಇದು ಮೂಲದ ಭಾಷೆಗೂ ಇಲ್ಲದ ಅನುಕೂಲ.

ಪ್ರಶ್ನೆ ಕೇಳಿದವರಿಂದ

ಈ ವಾರವಿಡೀ ನಿಮ್ಮೆಲ್ಲರ ಉತ್ತರಗಳನ್ನು ಮತ್ತೆ ಮತ್ತೆ ಓದಿದೆ. ಬರೆದಿದ್ದ ಮೂರು ಅಧ್ಯಾಯಗಳನ್ನು ಬದಿಗಿಟ್ಟಿದ್ದೇನೆ. ಶಿಬಿರದ ಹಸಿವಿನ ಪುಟಗಳನ್ನು ಹರಿದುಹಾಕುವುದಿಲ್ಲ, ಆ ಹಸಿವು ನಿಜವಾದದ್ದು. ಆದರೆ ಕಾದಂಬರಿ ಅಲ್ಲಿಂದ ಆರಂಭವಾಗುವುದಿಲ್ಲ.

ಗೊಟ್ಟಿಂಗೆನ್‌ನವರು ನೆಲಮಾಳಿಗೆಯ ರಾತ್ರಿಯನ್ನು ನೆನಪಿಸಿದಾಗ ನನಗೆ ಒಂದು ವಿಷಯ ಹೊಳೆಯಿತು. ವಾಯುದಾಳಿಯ ಸೈರನ್ ಕೂಗಿದಾಗ ಜನ ಮೊದಲೇ ಸಿದ್ಧಮಾಡಿಟ್ಟ ಒಂದು ಪೆಟ್ಟಿಗೆಯನ್ನು ಹಿಡಿದು ಕೆಳಗೆ ಓಡುತ್ತಿದ್ದರು: ಕಾಗದಪತ್ರ, ಪಡಿತರ ಚೀಟಿ, ಮಗುವಿನ ಬಟ್ಟೆ. ಮನೆ ಸುಟ್ಟರೂ ಆ ಪೆಟ್ಟಿಗೆ ಉಳಿಯಿತು. ಅದರಲ್ಲಿ ಅವನು 1941ರಿಂದ 1943ರವರೆಗೆ ಕಳುಹಿಸಿದ ಪತ್ರಗಳಿವೆ, ಪತ್ರಗಳ ಜೊತೆ ಫೋಟೋಗಳಿವೆ. ಅವಳು ಅವನ್ನು ನೋಡಿದ್ದಾಳೆ. ಎಷ್ಟು ಸಲ ನೋಡಿದ್ದಾಳೆ ಎಂದು ನಾನು ಬರೆಯುವುದಿಲ್ಲ.

ಹೊಸ ಮೊದಲ ಅಧ್ಯಾಯದಲ್ಲಿ 1955ರ ಅಕ್ಟೋಬರ್‌ನ ಒಂದು ಸಂಜೆ ಮೂವರೂ ಅಡುಗೆಮನೆಯ ಮೇಜಿನ ಸುತ್ತ ಕುಳಿತಿದ್ದಾರೆ. ಅವನು ದಪ್ಪನೆಯ ಹತ್ತಿಯ ಕೋಟನ್ನು ಇನ್ನೂ ಬಿಚ್ಚಿಲ್ಲ. ಆಲೂಗಡ್ಡೆ ಬೇಯುತ್ತಿದೆ. ಊರಿನ ಬಗ್ಗೆ, ಸತ್ತವರ ಬಗ್ಗೆ, ಕಾರ್ಖಾನೆಯ ಬಗ್ಗೆ ಅವನು ಒಂದೊಂದಾಗಿ ಕೇಳುತ್ತಾನೆ. ಅವಳು ಒಂದೊಂದಕ್ಕೂ ಉತ್ತರ ಕೊಡುತ್ತಾಳೆ. ಕೊನೆಗೆ, ಹೆಚ್ಚೇನೂ ಅಲ್ಲವೆಂಬ ದನಿಯಲ್ಲಿ, ಆ ರಾತ್ರಿ ಮನೆಯಿಂದ ಏನಾದರೂ ಉಳಿಯಿತೇ ಎಂದು ಕೇಳುತ್ತಾನೆ. ಅವಳು ಎದ್ದು ಒಲೆಯ ಕಡೆ ತಿರುಗಿ, ಏನೂ ಉಳಿಯಲಿಲ್ಲ ಎನ್ನುತ್ತಾಳೆ. ಪೆಟ್ಟಿಗೆ ಎಲ್ಲಿದೆ ಎಂದು ಬಲ್ಲ ಮಗಳು ತಲೆಯೆತ್ತಿ ತಾಯಿಯನ್ನು ನೋಡುತ್ತಾಳೆ.